ಸಿಡಿದ ತೋಟೆಯನ್ನು ಮನೆಯಲ್ಲೇ ತುಂಬಬಹುದೇ?

ಬೆಳೆ ಕಾಯುವ ಕೋವಿ ನಮ್ಮ ಗಡಿನಾಡಿನ ರೈತರಿಗೆ ಹೊಸದೇನೂ ಅಲ್ಲ. ಹಂದಿಯ ಹಿಂಡು ಒಂದು ರಾತ್ರಿ ಮರಗೆಣಸಿನ ಗದ್ದೆಗೆ ನುಗ್ಗಿತೆಂದರೆ ಬೆಳಗಾಗುವಾಗ ಉಳಿಯುವುದು ಉತ್ತ ಮಣ್ಣು ಮಾತ್ರ. ಬಾಳೆಯ ಕಂದು, ಎಳೆ ಅಡಿಕೆ ಸಸಿ, ತೆಂಗಿನ ಸಸಿ ಯಾವುದನ್ನೂ ಅದು ಬಿಡುವುದಿಲ್ಲ. ಹೀಗಿರಲು ಲೈಸನ್ಸು ಪಡೆದು ಕೋವಿ ಇಟ್ಟುಕೊಂಡವರು ತೋಟೆಯ ಖರ್ಚಿನ ಲೆಕ್ಕ ಹಾಕುವುದು ಸಹಜವೇ. ಈಚೆಗೆ ಊರಿನ ಹುಡುಗರು ಇನ್ನೊಂದು ಮಾತನ್ನೂ ತಂದಿದ್ದಾರೆ. ಅಮೆರಿಕದಲ್ಲಿ ಜನರು ಪಿಸ್ತೂಲಿನ ಖಾಲಿ ತೋಟೆಗಳನ್ನು ಮನೆಯ ಮೇಜಿನ ಮೇಲೆಯೇ ಮತ್ತೆ ತುಂಬಿಕೊಳ್ಳುವುದನ್ನು ಅವರು ಮೊಬೈಲಿನಲ್ಲಿ ನೋಡಿದ್ದಾರೆ. “ನಮ್ಮ ಕೋವಿಯ ತೋಟೆಯನ್ನೂ ಹಾಗೆ ತುಂಬಿದರೆ ಏನು?” ಎಂದು ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಗದರಿಸಿ ಸುಮ್ಮನಾಗಿಸುವ ಬದಲು ವಿಷಯವನ್ನು ಬಿಡಿಸಿ ಹೇಳುವುದು ಮೇಲೆಂದು ನಮಗೆ ತೋರುತ್ತದೆ.

ತೋಟೆಯೊಳಗೆ ಏನಿದೆ?

ತೋಟೆ, ಅಂದರೆ ಕಾಡತೂಸು, ನಾಲ್ಕು ವಸ್ತುಗಳ ಒಂದು ಕಟ್ಟು. ಹೊರಗೆ ಹಿತ್ತಾಳೆಯ ಕೊಳವೆ. ಅದರ ಬುಡದ ನಡುವೆ ಕೂರಿಸಿದ ಚಿಕ್ಕ ಕೇಪು. ಒಳಗೆ ಮದ್ದು. ಬಾಯಿಗೆ ಬಿಗಿದ ಗುಂಡು. ಟ್ರಿಗರ್ ಎಳೆದಾಗ ಸೂಜಿಯಂಥ ಮೊಳೆ ಕೇಪನ್ನು ಬಡಿಯುತ್ತದೆ. ಕೇಪು ಕಿಡಿಯಾಗಿ ಮದ್ದನ್ನು ಹೊತ್ತಿಸುತ್ತದೆ. ಮದ್ದು ಗಾಳಿಯ ರೂಪಕ್ಕೆ ತಿರುಗಿ ಗುಂಡನ್ನು ನಳಿಗೆಯ ಮೂಲಕ ತಳ್ಳುತ್ತದೆ. ನಮ್ಮ ಹನ್ನೆರಡು ಬೋರಿನ ತೋಟೆಯಲ್ಲಿ ಹಿತ್ತಾಳೆ ಬುಡದಲ್ಲಿ ಮಾತ್ರ ಇದ್ದು, ಮೇಲಿನ ಭಾಗ ಪ್ಲಾಸ್ಟಿಕ್ಕಿನದೋ ಕಾಗದದ್ದೋ ಆಗಿರುತ್ತದೆ. ಒಂದು ಗುಂಡಿನ ಬದಲು ಚರೆಗಳಿದ್ದು, ಮದ್ದಿಗೂ ಚರೆಗೂ ನಡುವೆ ಬಿರಡೆಯಂತೆ ಒಂದು ವಾಡ್ ಕೂರುತ್ತದೆ. ಉಳಿದ ಕ್ರಮ ಎರಡಕ್ಕೂ ಒಂದೇ.

ಸಿಡಿದ ಮೇಲೆ ಮದ್ದು, ಗುಂಡು, ಕೇಪಿನ ಶಕ್ತಿ ಮೂರೂ ಹೋಗುತ್ತವೆ. ಹಿತ್ತಾಳೆ ಮಾತ್ರ ಉಳಿಯುತ್ತದೆ. ತೋಟೆಯ ಬೆಲೆಯಲ್ಲಿ ಹಿತ್ತಾಳೆಯ ಪಾಲು ದೊಡ್ಡದು. ಅದನ್ನು ಮತ್ತೆ ಬಳಸಿದರೆ ಉಳಿತಾಯವಾಗುತ್ತದೆಂಬುದೇ ಅಮೆರಿಕದವರ ಲೆಕ್ಕ.

ಅಮೆರಿಕದವರು ಮಾಡುವ ಬಗೆ

ಆ ದೇಶದಲ್ಲಿ ಗುರಿ ಹೊಡೆಯುವುದು ಒಂದು ಆಟ. ಆಟಗಾರನು ವಾರಕ್ಕೆ ನೂರಾರು ಗುಂಡು ಹಾರಿಸುವುದೂ ಉಂಟು. 1968ರಲ್ಲಿ ಅಲ್ಲಿ ಬಂದ ಕೋವಿಗಳ ಕಾಯಿದೆಯ ಪ್ರಕಾರ ತೋಟೆ ತಯಾರಿಸಿ ಮಾರುವವನಿಗೆ ಕೇಂದ್ರ ಸರಕಾರದ ಲೈಸನ್ಸು ಬೇಕು. ತನ್ನ ಸ್ವಂತ ಉಪಯೋಗಕ್ಕೆ ತುಂಬಿಕೊಳ್ಳುವವನಿಗೆ ಬೇಡ. ಆದುದರಿಂದ ಅದಕ್ಕೆ ಬೇಕಾದ ಒತ್ತುಯಂತ್ರ, ಅಚ್ಚು, ತಕ್ಕಡಿ, ಕೇಪು, ಮದ್ದು ಎಲ್ಲವೂ ಅಂಗಡಿಯಲ್ಲಿ ದೊರೆಯುತ್ತವೆ.

ಕೆಲಸದ ಕ್ರಮ ಹೀಗೆ. ಖಾಲಿ ಕೊಳವೆಗಳನ್ನು ತೊಳೆದು, ಬಾಯಿ ಸೀಳಿದವುಗಳನ್ನು ಆರಿಸಿ ತೆಗೆಯುತ್ತಾರೆ. ಸಿಡಿದಾಗ ಹಿತ್ತಾಳೆ ಉಬ್ಬಿರುವುದರಿಂದ ಅದನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರುತ್ತಾರೆ. ಅದೇ ಒತ್ತಿನಲ್ಲಿ ಒಂದು ಕಡ್ಡಿ ಹಳೆಯ ಕೇಪನ್ನು ಹೊರದೂಡುತ್ತದೆ. ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡನ್ನು ನಿಗದಿಯಾದ ಆಳಕ್ಕೆ ಇಳಿಸಿ, ಬಾಯಿ ಬಿಗಿಯುತ್ತಾರೆ. ನೋಡುವ ಕಣ್ಣಿಗೆ ಶಾವಿಗೆ ಒತ್ತುವಷ್ಟೇ ಸುಲಭ!

ಆದರೆ ಮೊಬೈಲಿನ ಚಿತ್ರದಲ್ಲಿ ಕಾಣದ ಸಂಗತಿಗಳು ಹಲವಿವೆ. ಕೇಪಿನ ಮಾತನ್ನೇ ನೋಡೋಣ. 1866ರ ಸುಮಾರಿಗೆ ಎರಡು ಬಗೆಯ ಕೇಪುಗಳು ಬಂದವು. ಇಂಗ್ಲೆಂಡಿನ ಬಾಕ್ಸರ್ ಎಂಬವರದು ಒಂದು, ಅಮೆರಿಕದ ಬರ್ಡನ್ ಎಂಬವರದು ಇನ್ನೊಂದು. ಬಾಕ್ಸರ್ ಬಗೆಯ ಕೊಳವೆಯ ಬುಡದಲ್ಲಿ ನಟ್ಟನಡುವೆ ಒಂದೇ ತೂತು ಇರುವುದರಿಂದ ಕಡ್ಡಿ ತೂರಿಸಿ ಕೇಪನ್ನು ತೆಗೆಯಬಹುದು. ಬರ್ಡನ್ ಬಗೆಯದರಲ್ಲಿ ಸಾಮಾನ್ಯವಾಗಿ ಬದಿಗಳಲ್ಲಿ ಎರಡು ಕಿರುತೂತುಗಳು. ಕಡ್ಡಿ ಹಾಕಿದರೆ ಕಡ್ಡಿಯೇ ಮುರಿಯುತ್ತದೆ. ವಿಚಿತ್ರವೆಂದರೆ ಇಂಗ್ಲೆಂಡಿನವನ ಕೇಪು ಅಮೆರಿಕದಲ್ಲಿ ಊರಿತು, ಅಮೆರಿಕದವನದು ಯುರೋಪಿನಲ್ಲಿ ಊರಿತು. ಮನೆಯಲ್ಲಿ ತುಂಬುವ ರೂಢಿ ಅಮೆರಿಕದಲ್ಲಿ ಹಬ್ಬಲು ಇದೂ ಒಂದು ಕಾರಣ. ಎಲ್ಲ ಹಿತ್ತಾಳೆಯೂ ಮತ್ತೆ ತುಂಬಲು ಬರುವಂಥದಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗುಲಗಂಜಿಯ ಲೆಕ್ಕ

ಮದ್ದಿನ ತೂಕಕ್ಕೆ ಅಲ್ಲಿ ಗ್ರೇನ್ ಎಂಬ ಅಳತೆ. 7,000 ಗ್ರೇನ್ ಸೇರಿದರೆ ಒಂದು ಪೌಂಡು. ನಮ್ಮ ಅಕ್ಕಸಾಲಿಗಳ ಗುಲಗಂಜಿಯಲ್ಲಿ ಹೇಳುವುದಾದರೆ ಒಂದು ಗುಲಗಂಜಿ ತೂಕಕ್ಕೆ ಸುಮಾರು ಎರಡು ಗ್ರೇನ್. ಪಿಸ್ತೂಲು, ರಿವಾಲ್ವರುಗಳ ಸಾಮಾನ್ಯ ತೋಟೆಯೊಂದರಲ್ಲಿ ಇರುವ ಮದ್ದು ಎರಡು ಮೂರು ಗುಲಗಂಜಿ ತೂಕ ಮಾತ್ರ. ಅಷ್ಟರಲ್ಲಿ ಅರ್ಧ ಗುಲಗಂಜಿ ಹೆಚ್ಚಾದರೂ ಒತ್ತಡ ಎಲ್ಲೆ ಮೀರಬಹುದು. ಆದುದರಿಂದಲೇ ಅಲ್ಲಿ ತೂಗುವವರು ಗ್ರೇನಿನ ಹತ್ತನೆಯ ಒಂದು ಪಾಲನ್ನು ತೋರಿಸುವ ತಕ್ಕಡಿಯನ್ನು ಬಳಸುತ್ತಾರೆ. ಮದ್ದಿನ ಕಂಪೆನಿಗಳು ಪರೀಕ್ಷಿಸಿ ಅಚ್ಚು ಹಾಕಿದ ಪಟ್ಟಿಯನ್ನು ಅಕ್ಷರಶಃ ಅನುಸರಿಸುತ್ತಾರೆ. ಮದ್ದಿನ ಹೆಸರು, ಗುಂಡಿನ ತೂಕ, ಕೇಪಿನ ಬಗೆ ಇವುಗಳಲ್ಲಿ ಒಂದು ಬದಲಾದರೂ ಪಟ್ಟಿ ಬದಲಾಗುತ್ತದೆ.

ಒತ್ತಡವೆಂದರೆ ಎಷ್ಟು? ಕಾರಿನ ಟಯರಿಗೆ ನಾವು 30ರಿಂದ 35 ಪೌಂಡು ಗಾಳಿ ಹಾಕಿಸುತ್ತೇವೆ. ಅಂದರೆ ಒಂದು ಚದರ ಇಂಚಿನ ಮೇಲೆ ಅಷ್ಟು ಪೌಂಡಿನ ಒತ್ತು. ಅಮೆರಿಕದ ತೋಟೆ ತಯಾರಕರ ಸಂಸ್ಥೆ ಹಾಕಿಕೊಂಡ ಮಿತಿಯಂತೆ, ಸಾಮಾನ್ಯ ಹನ್ನೆರಡು ಬೋರಿನ ತೋಟೆಗೆ ಇದು 11,500 ಪೌಂಡು, 38 ಸ್ಪೆಷಲ್ ಎಂಬ ರಿವಾಲ್ವರ್ ತೋಟೆಗೆ 17,000, 9 ಮಿಲಿಮೀಟರಿನ ಪಿಸ್ತೂಲ್ ತೋಟೆಗೆ 35,000. ನಮ್ಮ ತೋಟದ ಕೋವಿಯಲ್ಲಿ ಈಡು ಸಿಡಿಯುವ ಕ್ಷಣ ಒಂದೊಂದು ಚದರ ಇಂಚಿನ ಮೇಲೂ ಐದು ಟನ್ನಿನಷ್ಟು ಭಾರ ಬೀಳಬಹುದೆಂದಾಯಿತು. ಅದು ನಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಎಂಬುದನ್ನು ಮರೆಯಬಾರದು.

38 ಸ್ಪೆಷಲ್ ತೋಟೆಯ ಕಥೆ ಇಲ್ಲಿ ಪಾಠವಾಗಿದೆ. 1898ರ ಸುಮಾರಿಗೆ ಅದು ಬಂದಾಗ ಕರಿಮದ್ದಿಗೆ ತಕ್ಕಂತೆ ಕೊಳವೆಯನ್ನು ದೊಡ್ಡದಾಗಿ ಮಾಡಿದ್ದರು. ಅನಂತರ ಬಂದ ಹೊಗೆಯಿಲ್ಲದ ಮದ್ದು ಅದರ ತಳವನ್ನಷ್ಟೇ ತುಂಬುತ್ತದೆ. ತುಂಬುವವನ ಗಮನ ಒಂದು ಗಳಿಗೆ ತಪ್ಪಿ ಒಂದೇ ಕೊಳವೆಗೆ ಎರಡು ಸಲ ಮದ್ದು ಬಿದ್ದರೂ ಹೊರಚೆಲ್ಲುವುದಿಲ್ಲ. ಒಳಗೆ ಬಗ್ಗಿ ನೋಡದ ಹೊರತು ತಿಳಿಯುವುದಿಲ್ಲ. ಅಂಥ ತೋಟೆ ರಿವಾಲ್ವರನ್ನು ಒಡೆದು ಬೆರಳು ಹಾರಿಸುತ್ತದೆ. ಮದ್ದು ಬೀಳದೇ ಹೋದರೂ ಅಪಾಯ ತಪ್ಪಿದ್ದಲ್ಲ. ಕೇಪಿನ ಬಲವೊಂದರಿಂದಲೇ ಗುಂಡು ನಳಿಗೆಯ ಅರ್ಧಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಬಂದ ಮುಂದಿನ ಗುಂಡು ನಳಿಗೆಯನ್ನು ಒಡೆಯುತ್ತದೆ.

ಕೇಪಿನ ಕೋವಿಗೆ ಕೈಯಿಂದ ತುಂಬುತ್ತೇವಲ್ಲ?

ಹಿರಿಯರು ಇಲ್ಲಿ ಒಂದು ಆಕ್ಷೇಪ ಎತ್ತುವುದುಂಟು. “ಬಾಯಿಯಿಂದ ತುಂಬುವ ಕೇಪಿನ ಕೋವಿಗೆ ಅಜ್ಜಂದಿರು ಕೈಯಳತೆಯಿಂದಲೇ ಮದ್ದು ಹಾಕಿದರು, ಏನಾಯಿತು?” ಎಂಬುದು ಅವರ ಮಾತು. ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕಾದುದು ಈ ಮಾತಿಗೆ ಉತ್ತರವನ್ನೇ.

ಅಜ್ಜಂದಿರು ಹಾಕಿದ್ದು ಕರಿಮದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕ ಕೂಡಿಸಿದ್ದು. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆ, ಮಸಿ, ಕಿಟ್ಟವಾಗಿ ಹೋಗುತ್ತದೆ. ತಳ್ಳುವ ಗಾಳಿಯಾಗುವುದು ಉಳಿದ ಪಾಲು ಮಾತ್ರ. ಆದುದರಿಂದ ಅಳತೆ ತುಸು ಹೆಚ್ಚುಕಡಿಮೆಯಾದರೂ ಗಟ್ಟಿಯಾದ ಕೋವಿ ತಡೆದುಕೊಂಡದ್ದುಂಟು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಎಂಬ ರಸಾಯನಶಾಸ್ತ್ರಜ್ಞರು ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದರು. ಹತ್ತಿಯಂಥ ನಾರನ್ನು ಆಮ್ಲದಲ್ಲಿ ಸಂಸ್ಕರಿಸಿ ಪಡೆಯುವ ಈ ಮದ್ದು ಬಹುಮಟ್ಟಿಗೆ ಪೂರ್ತಿಯಾಗಿ ಗಾಳಿಯಾಗುತ್ತದೆ. ಒತ್ತಡ ಏರಿದಂತೆ ಉರಿಯುವ ವೇಗವೂ ಏರುತ್ತದೆ. ಇಂದು ಪೇಟೆಯಲ್ಲಿ ಸಿಗುವ ತೋಟೆಗಳಲ್ಲಿ ಇರುವುದು ಇದೇ.

ಈಗ ಯಾರಾದರೂ ಪೇಟೆಯ ತೋಟೆಯನ್ನು ಬಿಚ್ಚಿ ಆ ಮದ್ದನ್ನು ಕೇಪಿನ ಕೋವಿಗೆ ಕರಿಮದ್ದಿನ ಅಳತೆಯಲ್ಲಿ ಹಾಕಿದರೆಂದು ಭಾವಿಸಿರಿ. ಕರಿಮದ್ದಿಗಾಗಿ ಬೆಸೆದ ಹಳೆಯ ನಳಿಗೆ ಅದನ್ನು ತಾಳಲಾರದು. ಒಡೆಯುವುದು ಹೆಚ್ಚಾಗಿ ಬುಡದಲ್ಲಿ, ಅಂದರೆ ಎಡಗೈ ಮತ್ತು ಕಣ್ಣಿನ ಹತ್ತಿರ. ಅಂತೆಯೇ ಪಟಾಕಿಯಿಂದ ಬಿಡಿಸಿದ ಮದ್ದು ಶಬ್ದಕ್ಕಾಗಿ ಮಾಡಿದ್ದು. ಅದು ತಳ್ಳುವುದಿಲ್ಲ, ಒಡೆಯುತ್ತದೆ. ಕೋವಿಗೆ ಅದನ್ನು ಎಂದಿಗೂ ಸೋಕಿಸಕೂಡದು. ಒಂದು ಮದ್ದಿನ ಅನುಭವ ಇನ್ನೊಂದು ಮದ್ದಿಗೆ ಸಲ್ಲುವುದಿಲ್ಲ ಎಂಬ ಒಂದು ಮಾತನ್ನು ನೆನಪಿಟ್ಟರೆ ಸಾಕು, ಒಂದು ಕೈ ಉಳಿದೀತು.

ಸೀಸದ ವಿಷವನ್ನೂ ಹೇಳಬೇಕು. ಗುಂಡು, ಚರೆ ಹೆಚ್ಚಾಗಿ ಸೀಸದವು. ಸೀಸ 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುವುದರಿಂದ ಅಡಿಗೆಯ ಒಲೆಯಲ್ಲಿಯೂ ಕರಗಿಸಬಹುದು. ಅಪಾಯ ಇರುವುದೂ ಅಲ್ಲಿಯೇ. ಹಲವು ಬಗೆಯ ಕೇಪುಗಳಲ್ಲಿಯೂ ಸೀಸದ ಲವಣವಿದ್ದು, ಸಿಡಿದ ಕೊಳವೆಯೊಳಗಿನ ಮಸಿಯಲ್ಲಿ ಅದರ ಧೂಳು ಉಳಿದಿರುತ್ತದೆ. ಈ ಧೂಳು ಕೈಯಿಂದ ಬಾಯಿಗೆ ಹೋದರೆ ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಗೆ ಕೇಡು. ಖಾಲಿ ತೋಟೆಯನ್ನು ಮಕ್ಕಳಿಗೆ ಸೀಟಿ ಊದಲು ಕೊಡುವ ಅಭ್ಯಾಸವಿದ್ದರೆ ಇಂದೇ ಬಿಡತಕ್ಕದ್ದು.

ಕಾಯಿದೆ ಏನು ಹೇಳುತ್ತದೆ?

ಅಮೆರಿಕದ ಕಾಯಿದೆ ನಮಗೆ ಅನ್ವಯಿಸದು. ನಮ್ಮಲ್ಲಿ 1959ರ ಆಯುಧ ಕಾಯಿದೆಯ ಐದನೆಯ ಕಲಮಿನ ಪ್ರಕಾರ ಲೈಸನ್ಸಿಲ್ಲದೆ ಯಾರೂ ಮದ್ದುಗುಂಡು ತಯಾರಿಸುವಂತಿಲ್ಲ, ಮಾರುವಂತಿಲ್ಲ. ಮದ್ದುಗುಂಡು ಎಂಬ ಮಾತಿನೊಳಗೆ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಸೇರುತ್ತವೆ. ಕೋವಿ ಇಟ್ಟುಕೊಳ್ಳಲು ನಮಗೆ ಕೊಟ್ಟ ಲೈಸನ್ಸು ತೋಟೆ ತಯಾರಿಸುವ ಲೈಸನ್ಸಲ್ಲ. 2019ರ ತಿದ್ದುಪಡಿಯ ಮೇಲೆ ಈ ಅಪರಾಧಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಸೆರೆಮನೆ. ಸ್ಫೋಟಕ ಮದ್ದನ್ನು ಮನೆಯಲ್ಲಿ ಕೂಡಿಸಿದರೆ 1884ರ ಸ್ಫೋಟಕ ವಸ್ತುಗಳ ಕಾಯಿದೆಯೂ ಅಡ್ಡ ಬರುತ್ತದೆ. ನಾಲ್ಕು ತೋಟೆಯ ಬೆಲೆ ಉಳಿಸಹೋಗಿ ಕೋವಿ, ಲೈಸನ್ಸು, ಕೊನೆಗೆ ಮನೆಯ ಯಜಮಾನನನ್ನೇ ಕಳೆದುಕೊಳ್ಳುವ ವ್ಯಾಪಾರ ಯಾರಿಗೂ ಬೇಡ.

ಇನ್ನು ಲೈಸನ್ಸು ಇದ್ದ ಮಾತ್ರಕ್ಕೆ ಹಂದಿ ಹೊಡೆಯುವ ಅಪ್ಪಣೆ ಬಂದಂತಲ್ಲ. ಕಾಡುಪ್ರಾಣಿಗಳಿಗೆ 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬೇರೆಯೇ ಇದೆ. ಕೇರಳ ಸರಕಾರವು 2022ರ ಮೇ ತಿಂಗಳಲ್ಲಿ ಪಂಚಾಯತು, ನಗರಸಭೆಗಳ ಅಧ್ಯಕ್ಷರಿಗೆ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಹೊಡೆಯಲು ಅಪ್ಪಣೆ ಕೊಡುವ ಅಧಿಕಾರ ನೀಡಿತು. ಹೊಡೆಯುವವನು ಲೈಸನ್ಸುದಾರನಾಗಿರಬೇಕು; ಸ್ಫೋಟಕ, ವಿಷ, ವಿದ್ಯುತ್ತು ಬಳಸಕೂಡದು. ಇಂಥ ಆದೇಶಗಳು ಕಾಲಕಾಲಕ್ಕೆ ಬದಲಾಗುವುದರಿಂದ ಈಗ ಜಾರಿಯಲ್ಲಿರುವುದನ್ನು ಪಂಚಾಯತಿನಲ್ಲಿ ಕೇಳಿ ತಿಳಿಯಬೇಕು. ಕಾಗದ ಮಲಯಾಳದಲ್ಲಿದ್ದರೆ ಓದಬಲ್ಲವರಿಂದ ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳದೆ ರುಜು ಹಾಕಬೇಡಿರಿ. ತಮಿಳುನಾಡು, ಮಹಾರಾಷ್ಟ್ರ, ಆಂಧ್ರಗಳಲ್ಲಿರುವ ನಮ್ಮ ಬಂಧುಗಳು ಅಲ್ಲಲ್ಲಿಯ ಅರಣ್ಯ ಕಚೇರಿಯನ್ನು ವಿಚಾರಿಸಬೇಕು.

ಹಾಗಾದರೆ ಉಳಿತಾಯ ಹೇಗೆ?

ಇದ್ದ ತೋಟೆ ಕೆಡದಂತೆ ನೋಡಿಕೊಳ್ಳುವುದೇ ನಿಜವಾದ ಉಳಿತಾಯ. ನಮ್ಮ ಮಳೆಗಾಲದ ತೇವ ಕಾಗದದ ತೋಟೆಯನ್ನು ಉಬ್ಬಿಸುತ್ತದೆ, ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಟ್ಟು, ತಂಪಾದ ಒಣಜಾಗದಲ್ಲಿ ಬೀಗ ಹಾಕಿರಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿ ಇಡಬೇಡಿರಿ. ಶಾಖ ಮದ್ದನ್ನು ಕೆಡಿಸುತ್ತದೆ. ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ ಇರಲಿ. ಹಳೆಯದನ್ನು ಮೊದಲು ಬಳಸಿರಿ. ಉಬ್ಬಿದ, ಬಿರಿದ, ಕಿಲುಬಿದ ತೋಟೆಯನ್ನು ಬಿಚ್ಚಿ ನೋಡುವ ಕುತೂಹಲ ಬೇಡ. ಲೈಸನ್ಸುಳ್ಳ ಅಂಗಡಿಯವರನ್ನೋ ಪೊಲೀಸು ಠಾಣೆಯವರನ್ನೋ ಕೇಳಿ ಒಪ್ಪಿಸಿರಿ. ಖಾಲಿ ತೋಟೆಗಳನ್ನೂ ಗುಜರಿಗೆ ಹಾಕದೆ, ಏನು ಮಾಡಬೇಕೆಂದು ಅದೇ ಅಂಗಡಿಯಲ್ಲಿ ಕೇಳಿರಿ. ಕೊಂಡದ್ದೆಷ್ಟು, ಸಿಡಿದದ್ದೆಷ್ಟು, ಉಳಿದದ್ದೆಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಲೈಸನ್ಸು ನವೀಕರಣದ ದಿನ ತಡವರಿಸಬೇಕಾಗಿಲ್ಲ.

ಟ್ರಿಗರ್ ಎಳೆದೂ ತೋಟೆ ಸಿಡಿಯದಿದ್ದರೆ ಕೂಡಲೇ ಕೋವಿ ಮುರಿದು ನೋಡಬಾರದು. ಕೆಲವೊಮ್ಮೆ ಕಿಡಿ ತಡವಾಗಿ ಹತ್ತುತ್ತದೆ. ನಳಿಗೆಯನ್ನು ಜನರಿಲ್ಲದ ಕಡೆಗೆ ಹಿಡಿದು ನಿಧಾನವಾಗಿ ಮೂವತ್ತರ ತನಕ ಎಣಿಸಿ, ಆಮೇಲೆ ತೆಗೆಯಿರಿ. ಶಬ್ದ ಎಂದಿಗಿಂತ ಮೆತ್ತಗೆ ಬಂದರೆ ಎರಡನೆಯ ಈಡು ಹಾರಿಸಬೇಡಿರಿ. ಕೋವಿ ಖಾಲಿಮಾಡಿ, ಬುಡದ ಕಡೆಯಿಂದ ನಳಿಗೆಯ ಮೂಲಕ ಬೆಳಕು ಕಾಣುತ್ತದೆಯೇ ಎಂದು ನೋಡಿದ ಮೇಲೆಯೇ ಮುಂದಿನ ತೋಟೆ ಹಾಕಿರಿ.