ಮೋಡ ಕಂಡವರು, ಮಳೆ ಅಳೆದವರು

ನಾಯಕನಹಟ್ಟಿ ಎಂದು ಮೊಬೈಲಿನಲ್ಲಿ ಹುಡುಕಿದರೆ ಮುಂದಿನ ಏಳು ದಿನದ ಹವಾಮಾನ ಸಾಲಾಗಿ ಬರುತ್ತದೆ. ಒಂದು ಮೋಡದ ಚಿತ್ರ, ಅದರಡಿ ಎರಡು ಹನಿ, ಪಕ್ಕದಲ್ಲಿ ಶೇಕಡಾ ಲೆಕ್ಕ. ಉಪಗ್ರಹ ಮತ್ತು ಕಂಪ್ಯೂಟರಿನ ಕೃಪೆಯಿಂದ ಇದು ನೇರವಾಗಿ ಆಕಾಶದಿಂದಲೇ ಇಳಿದು ಬಂದಂತೆ ಕಾಣುತ್ತದೆ. ಆದರೆ ಈ ಊರಿರುವ ಚಳ್ಳಕೆರೆ ಸೀಮೆಯ ಮಟ್ಟಿಗೆ ಮುನ್ಸೂಚನೆಗೆ ಬುನಾದಿ ಹಾಕಿದ್ದು ಬರಗಾಲ. ಬರವನ್ನು ಲೆಕ್ಕಕ್ಕೆ ಹಿಡಿಯಲು ಹೊರಟವರು ಬಿದ್ದ ಮಳೆಯನ್ನು ಊರೂರಲ್ಲಿ ಅಳೆಯತೊಡಗಿದರು. ನಾಳೆಯ ಮಳೆಯ ಮಾತಿಗೆ ಹೋಬಳಿ ಮಟ್ಟದಲ್ಲಿ ತೂಕ ಬಂದದ್ದು ಆಮೇಲೆ. ಇಲ್ಲಿ ಮುನ್ಸೂಚನೆಗಿಂತ ಮಳೆಮಾಪಕವೇ ದೊಡ್ಡದು ಎಂಬುದು ನನ್ನ ವಾದ.

ಇದಕ್ಕೆ ಮೊದಲ ಕಾರಣ ಇಲ್ಲಿನ ಮೋಡಗಳೇ. ಲಂಡನ್ನಿನ ಔಷಧ ವ್ಯಾಪಾರಿ ಲ್ಯೂಕ್ ಹೊವಾರ್ಡ್ 1802ರಲ್ಲಿ ಮೋಡಗಳಿಗೆ ಲ್ಯಾಟಿನ್ ಹೆಸರಿಟ್ಟು ವಿಂಗಡಿಸಿದ. ಆ ವಿಂಗಡಣೆಯೇ ಪದರು ಮೋಡ, ರಾಶಿ ಮೋಡ, ಹಿಮಕಣ ಮೋಡ, ರಾಶಿವೃಷ್ಟಿ ಮೋಡ ಎಂದು ನಮ್ಮ ಶಾಲೆಯ ಪುಸ್ತಕಗಳಿಗೂ ಬಂದಿದೆ. ನಾಯಕನಹಟ್ಟಿಯ ಮೇಲೆ ಇವೆಲ್ಲ ಹಾದುಹೋಗುತ್ತವೆ, ಆದರೆ ಎಲ್ಲವೂ ಮಳೆ ಕೊಡುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಿರುಸಾಗಿ ಬೀಸುತ್ತದೆ. ಘಟ್ಟದ ಮೇಲೆ ನೀರು ಸುರಿದು ಹಗುರಾದ ಮೋಡಗಳು ಮೂಡಣಕ್ಕೆ ಓಡುತ್ತವೆ. ಹೊಲದ ಮೇಲೆ ನೆರಳು ಬೀಳುತ್ತದೆ, ಹನಿ ಬೀಳುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಕಾಣುವ ಆಗುಂಬೆ ಇಲ್ಲಿಂದ ನೇರ ಗೆರೆಯಲ್ಲಿ 200 ಕಿ.ಮೀ. ಒಳಗೇ ಇದೆ. ಚಳ್ಳಕೆರೆ ತಾಲ್ಲೂಕಿಗೆ ಸಿಗುವುದು 500 ಮಿ.ಮೀ. ಆಸುಪಾಸು. ಸೆಪ್ಟೆಂಬರ್ ಹೊತ್ತಿಗೆ ಗಾಳಿ ಸೋಲುತ್ತದೆ. ಮಧ್ಯಾಹ್ನದ ಕಾವಿಗೆ ಮೇಲೆದ್ದ ಬಿಳಿ ರಾಶಿ ಮೋಡ ಸಂಜೆಗೆ ತಳ ಕಪ್ಪಾಗಿ ಗುಡುಗತೊಡಗುತ್ತದೆ. ಕೆರೆಗೆ ನೀರು ತರುವುದು ಹೆಚ್ಚಾಗಿ ಈ ಮಳೆಯೇ. ಆದರೆ ಅಂಥ ಮೋಡದ ಅಗಲ ಕೆಲವೇ ಕಿಲೋಮೀಟರು. ನಾಯಕನಹಟ್ಟಿಯಲ್ಲಿ ಹಳ್ಳ ಹರಿಯುವಾಗ ಇದೇ ತಾಲ್ಲೂಕಿನ ತಳಕಿನ ಶೇಂಗಾ ಹೊಲ ಬಾಯಿಬಿಟ್ಟುಕೊಂಡೇ ಇದ್ದೀತು.

ಮಳೆ ನಕ್ಷತ್ರಗಳಿರುವಾಗ ಈ ಅಳತೆಯೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತಿನ ಹಿಂದೆ ತಲೆಮಾರುಗಳ ಗಮನಿಕೆ ಇದೆ; ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಉಡಾಫೆ. ಆದರೆ ಒಂದೊಂದು ನಕ್ಷತ್ರದ ಮಳೆಗೂ ಸುಮಾರು 13-14 ದಿನದ ಅವಧಿ. ಅದು ಇಂಥ ಕಾಲದಲ್ಲಿ ಇಂಥ ಮಳೆ ವಾಡಿಕೆ ಎನ್ನುತ್ತದೆಯೇ ಹೊರತು ಈ ವರ್ಷ ಬಂದೀತೇ ಎನ್ನುವುದಿಲ್ಲ. ಜೊತೆಗೆ ನಕ್ಷತ್ರದ ಲೆಕ್ಕ ಋತುಮಾನದಿಂದ ಸುಮಾರು 71 ವರ್ಷಕ್ಕೆ ಒಂದು ದಿನದಷ್ಟು ಜಾರುತ್ತಲೇ ಇದೆ. ಹತ್ತಿರ ಹತ್ತಿರ ಸಾವಿರ ವರ್ಷಕ್ಕೆ ಒಂದಿಡೀ ನಕ್ಷತ್ರದ ಅಂತರ! ಈ ಸೀಮೆಯ ಹಿರಿಯರು ಪಂಚಾಂಗವನ್ನೇ ನಂಬಿ ಕೂರಲಿಲ್ಲ ಎಂಬುದಕ್ಕೆ ನಾಯಕನಹಟ್ಟಿಯ ಸಂತ ಗುರು ತಿಪ್ಪೇರುದ್ರಸ್ವಾಮಿ ಕಟ್ಟಿಸಿದರೆಂದು ಜನ ಹೇಳುವ ಕೆರೆಗಳೇ ಸಾಕ್ಷಿ. ಮಳೆ ಯಾವತ್ತು ಬರುತ್ತದೋ ಗೊತ್ತಿಲ್ಲ, ಬಂದಾಗ ಹಿಡಿದಿಟ್ಟುಕೊಳ್ಳೋಣ ಎಂಬ ಲೆಕ್ಕಾಚಾರ ಅದು.

ಎಂಬತ್ತರ ದಶಕದ ಸಾಲು ಬರಗಳ ಬೆನ್ನಿಗೆ, 1988ರಲ್ಲಿ, ರಾಜ್ಯ ಸರ್ಕಾರ ಬರ ನಿರ್ವಹಣೆಗೆಂದೇ ಒಂದು ಕೋಶ ತೆರೆಯಿತು. ದೇಶದಲ್ಲಿ ಇಂಥದ್ದು ಅದೇ ಮೊದಲು. ಮುಂದೆ ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯ್ತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಎಂಬಲ್ಲಿಗೆ ಬಂದು ಮುಟ್ಟಿತು. ಹಿಂದೆ ದಿನಕ್ಕೊಮ್ಮೆ ಬೆಳಿಗ್ಗೆ 8.30ಕ್ಕೆ ಗಾಜಿನ ಅಳತೆ ಪಾತ್ರೆಗೆ ಸುರಿದು ನೋಡುತ್ತಿದ್ದ ನೀರನ್ನು ಈಗ ಯಂತ್ರವೇ ಎಣಿಸುತ್ತದೆ. ಆಲಿಕೆಯ ಕೆಳಗೆ ಪುಟ್ಟ ಜೋಡಿ ಬಟ್ಟಲು. ಒಂದು ತುಂಬಿದ್ದೇ ತಡ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಅದರ ಜಾಗಕ್ಕೆ ಬರುತ್ತದೆ. ಎಷ್ಟು ಸಲ ವಾಲಿತು ಎಂಬುದೇ ಮಳೆಯ ಲೆಕ್ಕ, ಅದು 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಹೋಗುತ್ತದೆ. ಒಂದು ದಿನ 2.5 ಮಿ.ಮೀ. ಬಿದ್ದರಷ್ಟೇ ಹವಾಮಾನ ಇಲಾಖೆಗೆ ಅದು ಮಳೆ ದಿನ. ಬಿತ್ತನೆಗೆ ಬೇಕಾದ ಹದ ಮಳೆ ಅದಕ್ಕಿಂತ ಎಷ್ಟೋ ಹೆಚ್ಚು ಎಂಬುದು ಬೇರೆ ಮಾತು.

ಅಳೆದರೆ ಮಳೆ ಬರುತ್ತದೆಯೇ ಎಂಬುದು ಹಳೆಯ ಕುಹಕ. ಬರುವುದಿಲ್ಲ, ನಿಜ. ಆದರೆ ಬರ ಘೋಷಣೆಗೆ ನೋಡುವುದು ಮಳೆಯ ಕೊರತೆಯನ್ನು ಮತ್ತು ಮಳೆಯಿಲ್ಲದೆ ಸತತವಾಗಿ ಕಳೆದ ವಾರಗಳನ್ನು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಿದ್ದರ ಹಿಂದೆ ಇಂಥ ಅಂಕಿಗಳಿದ್ದವು. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ. 2025ರ ಮೇ ತಿಂಗಳಲ್ಲಿ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆ ನೆಲವನ್ನು ಹಂಚಿ ಲೆಕ್ಕ ಹಾಕುವ, 12 ಕಿ.ಮೀ. ಇದ್ದ ಚೌಕಗಳನ್ನು 6 ಕಿ.ಮೀ.ಗೆ ಇಳಿಸಿದೆ, ಇನ್ನು ಊರಿನ ಮಾಪಕ ಯಾಕೆ? ಇಲ್ಲಿನ ಗುಡುಗು ಮೋಡ ಆ ಒಂದು ಚೌಕದೊಳಗೇ ಹುಟ್ಟಿ ಕರಗಿಬಿಡಬಲ್ಲದು. ಚೌಕ ಎಷ್ಟು ಕಿರಿದಾದರೂ ಹೇಳಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ನೆಲದ ಮೇಲಿನ ಬಟ್ಟಲೇ ಬೇಕು. ಶೇಂಗಾ ಹೂ ಬಿಟ್ಟು ಕಾಯಿ ಕಟ್ಟಲು ಮಣ್ಣಿಗಿಳಿಯುವ ಹೊತ್ತಲ್ಲಿ ಔಷಧಿ ಹೊಡೆಯಲೋ ಬೇಡವೋ ಎಂದು ನೋಡುವ ರೈತನಿಗೆ ಎರಡು ಹನಿಯ ಚಿತ್ರ ಸಾಲದು. ಆ ಚಿತ್ರದ ಪಕ್ಕದಲ್ಲೇ, ಕಳೆದ ವಾರ ಈ ಹೋಬಳಿಗೆ ಹೇಳಿದ್ದೆಷ್ಟು, ಮಾಪಕಕ್ಕೆ ಬಿದ್ದದ್ದೆಷ್ಟು ಎಂಬ ಎರಡು ಅಂಕಿಗಳನ್ನೂ ಕೊಡಬೇಕು.