ಮನೆಯಲ್ಲಿ ಬ್ರೆಡ್ಡಿನ ಹುದುಗು

ಬ್ರೆಡ್ಡಿನ ತುಂಡೊಂದನ್ನು ಮುರಿದು ನೋಡಿದರೆ, ಅದರ ಒಳಭಾಗವೆಲ್ಲ ರಂಧ್ರಮಯವಾಗಿರುವುದು ಕಾಣುತ್ತದೆ. ಯೀಸ್ಟ್ ಎಂಬ ಏಕಕೋಶಜೀವಿಯು ಹಿಟ್ಟಿನಲ್ಲಿರುವ ಸಕ್ಕರೆಯನ್ನು ಉಪಯೋಗಿಸಿಕೊಂಡು ಹೊರಬಿಟ್ಟ ಇಂಗಾಲದ ಡೈ ಆಕ್ಸೈಡ್ ಅನಿಲದ ಗುರುತುಗಳವು. ಗೋಧಿಹಿಟ್ಟಿನಲ್ಲಿರುವ ಗ್ಲುಟೆನ್ ಎಂಬ ಅಂಟು ಪದಾರ್ಥವು ಈ ಅನಿಲವನ್ನು ಗುಳ್ಳೆಗಳಾಗಿ ಹಿಡಿದಿಡುವುದರಿಂದಲೇ ಕಣಕ ಉಬ್ಬುತ್ತದೆ. ೨೦೨೦ರಲ್ಲಿ ಕೊರೋನಾ ಸಾಂಕ್ರಾಮಿಕ ಹಬ್ಬಿ ಅನೇಕ ದೇಶಗಳ ಅಂಗಡಿಗಳಲ್ಲಿ ಯೀಸ್ಟ್ ಸಿಕ್ಕದಂತಾದಾಗ, ಅದನ್ನು ಮನೆಯಲ್ಲಿಯೇ ತಯಾರಿಸಲು ಬಹುಮಂದಿ ತೊಡಗಿದರು. ಅದು ಸಾಧ್ಯವೆ?

ನಿಜವಾಗಿ ನೋಡಿದರೆ, ಯೀಸ್ಟನ್ನು ಯಾರೂ ತಯಾರಿಸಲಾರರು. ಅದು ಜೀವವುಳ್ಳದ್ದೆಂದು ೧೮೩೭ರಲ್ಲಿಯೇ ಶ್ವಾನ್ ಮೊದಲಾದವರು ಸಾರಿದ್ದರು. ಸೂಕ್ಷ್ಮಜೀವಿಗಳು ತಾವಾಗಿ ಉದ್ಭವಿಸುವುದಿಲ್ಲ, ಜೀವಿಯಿಂದಲೇ ಜೀವಿ ಹುಟ್ಟುತ್ತದೆ ಎಂಬುದನ್ನು ೧೮೬೦ರ ಆಸುಪಾಸಿನಲ್ಲಿ ಪಾಸ್ಟರ್ ತನ್ನ ಪ್ರಯೋಗಗಳಿಂದ ತೋರಿಸಿಕೊಟ್ಟನು. ಗೋಧಿಯ ಕಾಳಿನ ಮೇಲೆ ಯೀಸ್ಟೂ ಬಗೆಬಗೆಯ ಬ್ಯಾಕ್ಟೀರಿಯಗಳೂ ಮೊದಲೇ ಇರುತ್ತವೆ. ಬೀಸಿದಾಗ ಹಿಟ್ಟಿನಲ್ಲಿ ಸೇರುತ್ತವೆ. ಆ ಗುಂಪಿನಿಂದ ನಮಗೆ ಬೇಕಾದವುಗಳನ್ನು ಆರಿಸಿಕೊಳ್ಳುವುದಷ್ಟೇ ನಮ್ಮ ಕೆಲಸ.

ಜರಡಿ ಹಿಡಿಯದ ೫೦ ಗ್ರಾಂ ಗೋಧಿಹಿಟ್ಟನ್ನು, ಕುದಿಸಿ ಆರಿಸಿದ ೫೦ ಗ್ರಾಂ ನೀರಿನೊಡನೆ ಗಾಜಿನ ಜಾಡಿಯಲ್ಲಿ ಕಲಸಿರಿ. ಮುಚ್ಚಳವನ್ನು ಸಡಿಲವಾಗಿ ಇಡಿರಿ. ಬಿಗಿಯಾಗಿ ಮುಚ್ಚಿದರೆ ಅನಿಲದ ಒತ್ತಡದಿಂದ ಜಾಡಿ ಒಡೆಯಬಹುದು. ಹಿಟ್ಟಿನ ಮಟ್ಟವನ್ನು ಗುರುತಿಸಲು ಜಾಡಿಗೆ ರಬ್ಬರ್ ಪಟ್ಟಿಯೊಂದನ್ನು ತೊಡಿಸಿರಿ. ಮಾರನೆಯ ದಿನದಿಂದ, ಪ್ರತಿದಿನವೂ ಅರ್ಧಭಾಗವನ್ನು ತೆಗೆದು ಚೆಲ್ಲಿ, ೨೫ ಗ್ರಾಂ ಹೊಸ ಹಿಟ್ಟನ್ನೂ ೨೫ ಗ್ರಾಂ ನೀರನ್ನೂ ಬೆರೆಸಬೇಕು. ೨೫ರಿಂದ ೩೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಇದಕ್ಕೆ ಅನುಕೂಲವಾದುದು.

ಎರಡನೆಯ ದಿನ ಹಿಟ್ಟು ರಭಸದಿಂದ ಉಬ್ಬುವುದುಂಟು. ನೋಡಿದವರಿಗೆ ಯೀಸ್ಟ್ ಸಿದ್ಧವಾಯಿತೆಂದೇ ಭ್ರಮೆ. ಆದರೆ ಮೂರು ನಾಲ್ಕನೆಯ ದಿನಗಳಲ್ಲಿ ಗುಳ್ಳೆಗಳೆಲ್ಲ ಅಡಗಿ, ಹಿಟ್ಟು ನಿರ್ಜೀವವಾದಂತೆ ಕಾಣುತ್ತದೆ. ಈ ಹಂತದಲ್ಲಿ ಅನೇಕರು ಎಲ್ಲವನ್ನೂ ಚೆಲ್ಲಿಬಿಡುತ್ತಾರೆ. ಈ ಲೇಖಕನೂ ಮೊದಲ ಸಲ ಹಾಗೆಯೇ ಮಾಡಿದವನು.

ಆ ಮೊದಲ ಉಬ್ಬರಕ್ಕೆ ಬಹುಮಟ್ಟಿಗೆ ಕಾರಣ ಯೀಸ್ಟಲ್ಲ, ಲ್ಯೂಕನಾಸ್ಟಾಕ್ ಮುಂತಾದ ಬ್ಯಾಕ್ಟೀರಿಯಗಳು. ಇವು ನಮಗೆ ಅಪರಿಚಿತವಾದವುಗಳಲ್ಲ. ಇಡ್ಲಿಯ ಹಿಟ್ಟನ್ನು ಉಬ್ಬಿಸುವುದರಲ್ಲಿ ಲ್ಯೂಕನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯದ್ದೇ ಮುಖ್ಯ ಪಾತ್ರವೆಂದು ಸ್ಟೀನ್‌ಕ್ರಾಸ್ ಮತ್ತು ಅವರ ಸಹೋದ್ಯೋಗಿಗಳು ೧೯೬೫ರಲ್ಲಿ ಪ್ರಕಟಿಸಿದರು. ಇಡ್ಲಿಗೆ ಒಂದು ರಾತ್ರಿ ಸಾಕು; ಮರುದಿನ ಬೆಳಗ್ಗೆ ಬೇಯಿಸಿಬಿಡುತ್ತೇವೆ. ಜಾಡಿಯಲ್ಲಾದರೋ ಕಥೆ ಮುಂದುವರಿಯುತ್ತದೆ. ಬ್ಯಾಕ್ಟೀರಿಯಗಳು ಹೊರಬಿಟ್ಟ ಆಮ್ಲವು ಹೆಚ್ಚುತ್ತ ಹೋಗಿ, ಕೊನೆಗೆ ಆ ಮೊದಲ ಗುಂಪಿಗೇ ಸಹಿಸಲಾಗದಷ್ಟು ಆಗುತ್ತದೆ. ಅವುಗಳ ಚಟುವಟಿಕೆ ನಿಂತುದೇ ನಾಲ್ಕನೆಯ ದಿನದ ಮೌನ. ಆಗ ಆಮ್ಲವನ್ನು ತಡೆದುಕೊಳ್ಳಬಲ್ಲ ಲ್ಯಾಕ್ಟೊಬ್ಯಾಸಿಲಸ್ ಜಾತಿಗಳೂ ಯೀಸ್ಟೂ ಒಳಗೊಳಗೇ ವೃದ್ಧಿಯಾಗುತ್ತಿರುತ್ತವೆ.

ಪ್ರತಿದಿನವೂ ಅರ್ಧವನ್ನು ಚೆಲ್ಲುವುದೇಕೆ? ಸುಲಭವಾದ ಲೆಕ್ಕವಿದೆ. ವೃದ್ಧಿಯಾಗದೆ ಸುಮ್ಮನಿರುವ ಜೀವಿಯ ಸಂಖ್ಯೆ ಪ್ರತಿದಿನವೂ ಅರ್ಧಕ್ಕಿಳಿದು, ಏಳು ಸಲ ಚೆಲ್ಲುವಷ್ಟರಲ್ಲಿ ೧೨೮ರಲ್ಲಿ ಒಂದು ಪಾಲಾಗುತ್ತದೆ. ಹೊಸ ಹಿಟ್ಟಿನೊಡನೆ ಬರುವ ಬೇಡದ ಜೀವಿಗಳನ್ನು ಆಮ್ಲವೇ ತಡೆಯುತ್ತದೆ. ದಿನಕ್ಕೊಮ್ಮೆಯಾದರೂ ಇಮ್ಮಡಿಯಾಗಬಲ್ಲವು ಮಾತ್ರ ಉಳಿಯುತ್ತವೆ. ಅನುಕೂಲ ಪರಿಸ್ಥಿತಿಯಲ್ಲಿ ಯೀಸ್ಟ್ ಕೆಲವೇ ಗಂಟೆಗಳಲ್ಲಿ ಇಮ್ಮಡಿಸುತ್ತದೆ.

ಹೀಗೆ ಉಳಿದ ಯೀಸ್ಟೂ ಬ್ಯಾಕ್ಟೀರಿಯವೂ ಜೊತೆಯಾಗಿ ಬಾಳಬಲ್ಲವು. ಸಾನ್ ಫ್ರಾನ್ಸಿಸ್ಕೋ ನಗರದ ಪ್ರಸಿದ್ಧವಾದ ಹುಳಿಬ್ರೆಡ್ಡನ್ನು ಪರೀಕ್ಷಿಸಿದ ಸುಗಿಹಾರ, ಕ್ಲೈನ್ ಮೊದಲಾದವರು ೧೯೭೧ರಲ್ಲಿ ಇದಕ್ಕೊಂದು ಸುಂದರ ನಿದರ್ಶನವನ್ನು ಕೊಟ್ಟರು. ಅಲ್ಲಿನ ಬ್ಯಾಕ್ಟೀರಿಯಕ್ಕೆ ಮಾಲ್ಟೋಸ್ ಎಂಬ ಸಕ್ಕರೆಯೇ ಆಹಾರ. ಅಲ್ಲಿನ ಯೀಸ್ಟಾದರೋ ಮಾಲ್ಟೋಸನ್ನು ಮುಟ್ಟದೆ ಬೇರೆ ಸಕ್ಕರೆಗಳನ್ನು ಬಳಸುತ್ತದೆ. ಒಂದರ ತುತ್ತನ್ನು ಇನ್ನೊಂದು ಕಸಿಯುವುದಿಲ್ಲ.

ಸಾಮಾನ್ಯವಾಗಿ ಐದರಿಂದ ಹತ್ತನೆಯ ದಿನದೊಳಗೆ ಜಾಡಿಯಲ್ಲಿ ಗುಳ್ಳೆಗಳು ಮತ್ತೆ ತೋರುತ್ತವೆ; ತಂಪು ಹವೆಯಲ್ಲಿ ಇನ್ನೂ ತಡವಾಗಬಹುದು. ಹೊಸ ಹಿಟ್ಟು ಬೆರೆಸಿದ ಆರೆಂಟು ಗಂಟೆಗಳೊಳಗೆ ಮಟ್ಟವು ಇಮ್ಮಡಿಯಾಗುವುದು ಮೂರು ನಾಲ್ಕು ದಿನ ತಪ್ಪದೆ ನಡೆದರೆ ಹುದುಗು ಸಿದ್ಧವಾಯಿತೆಂದು ತಿಳಿಯಬಹುದು. ಅದುವರೆಗೆ ಹಸಿಹಿಟ್ಟಿನ ರುಚಿ ನೋಡಬಾರದು. ಬೂಷ್ಟು ಹಿಡಿದರೆ, ಇಲ್ಲವೆ ಕೆಂಪು ಅಥವಾ ಕಿತ್ತಳೆ ಬಣ್ಣ ಕಂಡರೆ, ಎಲ್ಲವನ್ನೂ ಚೆಲ್ಲಿ, ಜಾಡಿಯನ್ನು ಚೆನ್ನಾಗಿ ತೊಳೆದು ಹೊಸದಾಗಿ ಆರಂಭಿಸಬೇಕು.

ಗುಳ್ಳೆ ಕಂಡೊಡನೆ ಯೀಸ್ಟ್ ಬಂದಿತೆಂದೂ, ಕಾಣದಿದ್ದರೆ ಸತ್ತಿತೆಂದೂ ತೀರ್ಮಾನಿಸಿದ್ದು ನಮ್ಮ ತಪ್ಪು. ಪರಿಣಾಮ ಒಂದೇ ಆದರೂ ಕಾರಣಗಳು ಬೇರೆ ಬೇರೆ ಇರಬಹುದು. ವಿದ್ಯಾರ್ಥಿಗಳು ಪ್ರತಿದಿನವೂ ಜಾಡಿಯ ಮಟ್ಟವನ್ನಳೆದು ನಕ್ಷೆ ಬರೆದರೆ, ಎರಡು ಏರುಗಳೂ ನಡುವಣ ತಗ್ಗೂ ಸ್ಪಷ್ಟವಾಗಿ ಕಾಣುತ್ತವೆ. ಸಿದ್ಧವಾದ ಹುದುಗನ್ನೆಲ್ಲ ಒಮ್ಮೆಲೇ ಬಳಸಿಬಿಡಬೇಡಿ. ಮೊಸರಿಗೆ ಹೆಪ್ಪು ಉಳಿಸುವಂತೆ ಒಂದು ಚಮಚೆಯಷ್ಟನ್ನು ಉಳಿಸಿಕೊಂಡು ಹಿಟ್ಟು ನೀರು ಕೊಡುತ್ತ ಬಂದರೆ, ವರ್ಷಗಟ್ಟಲೆ ಅದೇ ಹುದುಗಿನಿಂದ ಬ್ರೆಡ್ಡು ಮಾಡಬಹುದು.