ಬುದ್ಧಿ ಒಂದಾ, ಹಲವಾ? ಶಕುಂತಲಾ ದೇವಿ ಉಳಿಸಿಹೋದ ಪ್ರಶ್ನೆ

ಇಂದಿರಾನಗರದ ಕಂಪನಿಗೆ ಕೆಲಸಕ್ಕೆ ಅರ್ಜಿ ಹಾಕಿದರೆ ಎಷ್ಟೋ ಸಲ ಮೊದಲು ಎದುರಾಗೋದು ಆಪ್ಟಿಟ್ಯೂಡ್ ಟೆಸ್ಟ್. ಸಂಖ್ಯೆಗಳ ಸರಣಿ, ಆಕೃತಿಗಳ ಒಗಟು, ಇಂಗ್ಲಿಷ್ ಪದಗಳು. ಕೊನೆಗೆ ಒಂದು ಸ್ಕೋರ್. ಅಲ್ಲಿಂದ ಸ್ವಲ್ಪ ದೂರದ ಶಿವಾಜಿನಗರದ ಮಾರ್ಕೆಟ್‌ನಲ್ಲಿ ಉರ್ದು, ತಮಿಳು, ಕನ್ನಡ ಮೂರರಲ್ಲೂ ಚೌಕಾಸಿ ಮಾಡುತ್ತಾ ಬಾಯಲ್ಲೇ ಲೆಕ್ಕ ಮುಗಿಸುವ ವ್ಯಾಪಾರಿಗೆ ಇದೇ ಟೆಸ್ಟ್ ಕೊಟ್ಟರೆ ಎಷ್ಟು ಬರಬಹುದು? ಬುದ್ಧಿ ಅನ್ನೋದು ಒಂದೇನಾ, ಹಲವಾ?

ಮನಶ್ಶಾಸ್ತ್ರಜ್ಞರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಜಗಳವಾಡುತ್ತಿರೋದು ಇದಕ್ಕೇ. 1904ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್ ಶಾಲಾ ಮಕ್ಕಳ ಅಂಕಗಳನ್ನು ಹೋಲಿಸಿ ನೋಡಿದರು. ಒಂದು ವಿಷಯದಲ್ಲಿ ಮುಂದಿರುವ ಮಕ್ಕಳು ಸಾಮಾನ್ಯವಾಗಿ ಉಳಿದವುಗಳಲ್ಲೂ ಮುಂದು. ಹಾಗಾಗಿ ಎಲ್ಲಕ್ಕೂ ಆಧಾರವಾದ ಒಂದು ಸಾಮಾನ್ಯ ಬುದ್ಧಿ ಇದೆ, ಅದಕ್ಕೆ 'ಜಿ' ಎನ್ನೋಣ ಎಂದರು. ಅದರ ಜೊತೆಗೆ ಒಂದೊಂದು ಕೆಲಸಕ್ಕೂ ಬೇರೆಯಾದ ವಿಶೇಷ ಸಾಮರ್ಥ್ಯ, ಅದು 'ಎಸ್'. ಮನೆಗೆ ಬರೋ ಕರೆಂಟ್ ಒಂದೇ, ಮಿಕ್ಸಿ, ಫ್ಯಾನ್ ಬೇರೆ ಬೇರೆ ಅಂತಾರಲ್ಲ, ಹಾಗೆ.

ಈ ಚಿಂತನೆ ನಮ್ಮೂರಿಗೆ ಬೇಗನೇ ಬಂತು. ಲಂಡನ್‌ನಲ್ಲಿ ಸ್ಪಿಯರ್‌ಮನ್ ಅವರ ಶಿಷ್ಯರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲೇ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ ಶುರುವಾಗಿದ್ದು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ' ಬಾನುಲಿ ಆರಂಭಿಸಿದವರೂ ಇವರೇ!

'ಜಿ' ಸಿದ್ಧಾಂತಕ್ಕೆ ಕುತೂಹಲದ ಪರೀಕ್ಷೆ ಒಡ್ಡಿದ್ದು ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ. 1980ರ ಜೂನ್ 18ರಂದು ಲಂಡನ್‌ನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಉತ್ತರ ಹೇಳಿದರು. 1988ರಲ್ಲಿ ಅವರನ್ನು ಪರೀಕ್ಷಿಸಿದವರು ಅಮೆರಿಕದ ಆರ್ಥರ್ ಜೆನ್ಸನ್, 'ಜಿ'ಯ ಕಟ್ಟಾ ಪ್ರತಿಪಾದಕ. 6,16,29,875ರ ಘನಮೂಲ ಎಷ್ಟು ಎಂದು ಕೇಳಿದರೆ, ಜೆನ್ಸನ್ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುವ ಮೊದಲೇ ಉತ್ತರ ಬಂತು: 395.

ಇಷ್ಟು ಚುರುಕಾದ ಮಿದುಳು ಎಲ್ಲದರಲ್ಲೂ ಮಿಂಚಿನ ವೇಗದ್ದೇ ಇರಬೇಕಲ್ಲವೇ? ಆದರೆ 1990ರಲ್ಲಿ ಜೆನ್ಸನ್ ಪ್ರಕಟಿಸಿದ ವರದಿ ಬೇರೆಯೇ ಹೇಳಿತು. ದೀಪ ಹತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಕಾಲೇಜು ವಿದ್ಯಾರ್ಥಿಗಳಿಗಿಂತ ವಿಶೇಷವೇನೂ ಆಗಿರಲಿಲ್ಲ. ಅವರ ಶಕ್ತಿ ಇದ್ದದ್ದು ಸಂಖ್ಯೆಗಳ ಅಪಾರ ನೆನಪಿನ ಭಂಡಾರದಲ್ಲಿ, ತಾನಾಗೇ ನಡೆಯುವಷ್ಟು ಪಳಗಿದ ಲೆಕ್ಕದ ವಿಧಾನಗಳಲ್ಲಿ.

ಇದರಿಂದ 'ಜಿ' ಸುಳ್ಳು ಅಂತ ಆಗಲ್ಲ. ಸಾವಿರಾರು ಜನರ ಅಂಕಗಳನ್ನು ಒಟ್ಟಿಗೆ ನೋಡಿದಾಗ ಅದು ಮತ್ತೆ ಮತ್ತೆ ಕಾಣುತ್ತದೆ. ಆದರೆ ಒಬ್ಬ ಮನುಷ್ಯ ಏನು ಮಾಡಬಲ್ಲ ಅನ್ನೋದನ್ನು ಅದೊಂದೇ ಹೇಳಲಾರದು. ಹಾಗಂತ 1983ರಲ್ಲಿ ಹೋವರ್ಡ್ ಗಾರ್ಡ್‌ನರ್ ಹೇಳಿದ 'ಬಹುವಿಧ ಬುದ್ಧಿ'ಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಶಾಲೆಗಳಿಗೆ ಅದು ಇಷ್ಟವಾಯಿತು, ಆದರೆ ಆ ಬುದ್ಧಿಗಳು ಪೂರ್ತಿ ಬೇರೆ ಬೇರೆ ಅನ್ನೋದಕ್ಕೆ ಪುರಾವೆ ಗಟ್ಟಿಯಿಲ್ಲ.

ಇದೆಲ್ಲ ನಮಗ್ಯಾಕೆ ಅಂತೀರಾ? ಮಗು ಓದಿನಲ್ಲಿ ಹಿಂದಿದ್ದರೆ ಐಕ್ಯೂ ಟೆಸ್ಟ್ ಮಾಡಿಸಿ ಅಂತ ಶಾಲೆಯವರು ಹೇಳಬಹುದು. ಆಗ ನಮ್ಮಲ್ಲಿ ಇಂದಿಗೂ ಬಳಸುವ ಪರೀಕ್ಷೆಗಳಲ್ಲಿ ಒಂದು 'ಬಿನೆ-ಕಾಮತ್'. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಮಾಡಿದ ಪರೀಕ್ಷೆಯ ವಂಶದ್ದು ಇದು. 1930ರ ದಶಕದಲ್ಲಿ ವಿ.ವಿ. ಕಾಮತ್ ಇದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಪರಭಾಷೆಯ, ಪರದೇಶದ ಪ್ರಶ್ನೆಗಳಿಂದ ನಮ್ಮ ಮಕ್ಕಳನ್ನು ಅಳೆಯಲಾಗದು ಅನ್ನೋ ತಿಳಿವಳಿಕೆ ಅದರ ಹಿಂದಿತ್ತು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್ ಆಡುವ ಹಲಸೂರಿನ ಮಗುವಿಗೆ ಇವತ್ತಿಗೂ ಆ ಮಾತು ಅನ್ವಯಿಸುತ್ತದೆ.

ಆದ್ದರಿಂದ ರಿಪೋರ್ಟ್ ಕೈಗೆ ಬಂದಾಗ ಒಟ್ಟು ಅಂಕ ನೋಡಿ ಗಾಬರಿಯಾಗಬೇಡಿ, ಬೀಗಲೂ ಬೇಡಿ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು? ಭಾಷೆ, ನೆನಪು, ತರ್ಕ ಇವುಗಳಲ್ಲಿ ಯಾವುದು ಗಟ್ಟಿ, ಯಾವುದಕ್ಕೆ ಆಸರೆ ಬೇಕು? ಇಷ್ಟನ್ನು ಕೇಳಿ ತಿಳಿದುಕೊಳ್ಳಿ. ಬಿನೆ ಪರೀಕ್ಷೆ ಮಾಡಿದ್ದೂ ಮಕ್ಕಳಿಗೆ ಹಣೆಪಟ್ಟಿ ಹಚ್ಚೋದಕ್ಕಲ್ಲ, ಯಾರಿಗೆ ಹೆಚ್ಚಿನ ನೆರವು ಬೇಕು ಅಂತ ಗುರುತಿಸೋದಕ್ಕೆ.